ಪೆಟ್ಟಿಗೆ ಅಕ್ಕ ಮರೆತ ಗುಂಡಿ

ಓಟದ ಮೈದಾನದಲ್ಲಿ ಅವಳನ್ನು ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಎಲ್ಲರಿಗೂ ಅವಳು ಪೆಟ್ಟಿಗೆ ಅಕ್ಕ. ಓಟ ಶುರುವಾಗುವ ಗೆರೆಯ ಪಕ್ಕ ಒಂದು ಮಡಚುವ ಮೇಜು, ಮೇಜಿನ ಮೇಲೊಂದು ಕಪ್ಪು ಪೆಟ್ಟಿಗೆ, ಅದರಿಂದ ಎಂಟು ತಂತಿ, ತಂತಿಯ ತುದಿಗೆ ಓಟಗಾರರು ಹೊರಡುವಾಗ ಕಾಲೂರುವ ಎಂಟು ಸ್ಟಾರ್ಟಿಂಗ್ ಬ್ಲಾಕು. ಪಿಸ್ತೂಲಿನ ಸದ್ದು ಕೇಳಿದ ಮೇಲೆ ಓಟಗಾರರ ಕಾಲು ಬ್ಲಾಕನ್ನು ಒದೆಯಲು ಎಷ್ಟು ಹೊತ್ತಾಯಿತು ಎಂದು ಪೆಟ್ಟಿಗೆ ತೋರಿಸುತ್ತಿತ್ತು, ಅವಳು ಬರೆದುಕೊಳ್ಳುತ್ತಿದ್ದಳು.

"ಕಣ್ಣು ಮಿಟುಕಿಸೋ ಅಷ್ಟರಲ್ಲಿ ಮುಗಿಯೋ ಕೆಲಸಕ್ಕೆ ಸಂಬಳ ಬೇರೆ ಕೊಡ್ತಾರಲ್ಲೇ," ಎಂದು ಗಂಡ ಛೇಡಿಸುತ್ತಿದ್ದ.

"ಮಿಟುಕಿಸಿದ್ರೆ ಸಂಬಳ ಇಲ್ಲ," ಎನ್ನುತ್ತಿದ್ದಳು ಅವಳು.

ಅವಳದು ಮೊದಲಿನಿಂದಲೂ ಪುಕ್ಕಲು ಜೀವ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗುವಳು. ಮಗಳು ಕೆಮ್ಮಿದರೆ ಅವಳಿಗೆ ಎದೆ ಹೊಡೆದುಕೊಳ್ಳುವುದು. ಹಾಗೆ ಹೆದರುವವಳೆಂದೇ ಆ ಕೆಲಸ ಅವಳಿಗೆ ಒಗ್ಗಿತ್ತು.

ಪೆಟ್ಟಿಗೆಯ ಬೆನ್ನಿಗೆ ತಿರುಗಿಸುವ ಒಂದು ಗುಂಡಿ ಇತ್ತು. ಒದೆತ ಎಷ್ಟು ಬಲವಾಗಿ ಬಿದ್ದರೆ 'ಹೊರಟರು' ಎಂದು ಲೆಕ್ಕ ಹಿಡಿಯಬೇಕು ಎನ್ನುವುದನ್ನು ಅದು ತೀರ್ಮಾನಿಸುತ್ತಿತ್ತು. ಗಂಡಸರಿಗೆ ಮೇಲಿನ ಗುರುತು, ಹೆಂಗಸರಿಗೆ ಕೆಳಗಿನದು. ಹೆಂಗಸರ ಓಟಕ್ಕೂ ಮೇಲಿನ ಗುರುತನ್ನೇ ಇಟ್ಟುಬಿಟ್ಟರೆ, ಅವರು ಸದ್ದು ಕೇಳಿದ ತಕ್ಷಣ ಹೊರಟಿದ್ದರೂ, ಒದೆತ ಅಷ್ಟು ಬಲಕ್ಕೆ ಏರುವ ತನಕ ಪೆಟ್ಟಿಗೆ ತೆಪ್ಪಗಿರುತ್ತಿತ್ತು. ಮೈ ಹಗುರವಾದಷ್ಟೂ ತಡ ಹೆಚ್ಚು. ಕೆಲಸ ಕಲಿಸಿದ ಮುದುಕ ಮೆಕ್ಯಾನಿಕ್ ಮೊದಲ ದಿನವೇ ಹೇಳಿದ್ದ: "ಹೆಣ್ಮಕ್ಕಳು ನಿಧಾನ ಅಂತ ಯಾರಾದ್ರೂ ಅಂದ್ರೆ ಮೊದ್ಲು ಗುಂಡಿ ನೋಡಮ್ಮ. ಎಷ್ಟೋ ಸಲ ಅವರು ನಿಧಾನ ಅಲ್ಲ, ನಮ್ಮ ಪೆಟ್ಟಿಗೆ ಕಿವುಡು."

ಆ ದಿನ ಮುಂಬರುವ ಕ್ರೀಡಾಕೂಟದ ರಿಲೇ ತಂಡಕ್ಕೆ ಮೊದಲ ಓಟಗಾರ್ತಿಯನ್ನು ಆರಿಸಬೇಕಿತ್ತು. ಉಳಿದಿದ್ದವರು ಇಬ್ಬರು: ಪೆಟ್ಟಿಗೆ ಅಕ್ಕನ ಮಗಳು, ಮತ್ತು ಎಲ್ಲರೂ ಕಡ್ಡಿ ಎನ್ನುತ್ತಿದ್ದ ಸಣಕಲು ಹುಡುಗಿ. ಓಟದಲ್ಲಿ ಇಬ್ಬರೂ ಸಮ. ಹಾಗಾಗಿ ಸದ್ದಿಗೆ ಯಾರು ಬೇಗ ಹೊರಡುತ್ತಾರೋ ಅವರಿಗೇ ಜಾಗ ಎಂದು ಕೋಚ್ ಮೇಡಂ ಹೇಳಿದ್ದರು. ಬೆಳಿಗ್ಗೆ ಗಂಡಸರ ಓಟ ಮುಗಿದ ಮೇಲೆ ಇವರದು. ಗುಂಡಿ ತಿರುಗಿಸಬೇಕಾದ ಹೊತ್ತಿನಲ್ಲಿ ಪೆಟ್ಟಿಗೆ ಅಕ್ಕ ಮಗಳನ್ನೇ ನೋಡುತ್ತಿದ್ದಳು: ಬೆಳಿಗ್ಗೆ ಅವಳು ಎರಡು ತುತ್ತೂ ತಿಂದಿರಲಿಲ್ಲ, ತಲೆ ಸುತ್ತಿದರೆ ಏನು ಗತಿ.

ಮೂರು ಸಲ ಸದ್ದಾಯಿತು. ಸರಾಸರಿ, ಮಗಳದು 0.174 ಸೆಕೆಂಡು. ಕಡ್ಡಿಯದು 0.196. ಮೇಡಂ ಅಂಕಿ ಓದಿದರು. ಗಟ್ಟಿಮುಟ್ಟಾದ ಮಗಳನ್ನು ಗೆಳತಿಯರು ಎತ್ತಿ ಕುಣಿದಾಡಿದರು. ಕಡ್ಡಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ನಿಂತಳು.

ಪೆಟ್ಟಿಗೆ ಅಕ್ಕನಿಗೆ ಅಂಕಿಗಳು ಮೈಗೂಡಿದ್ದವು. ಅಭ್ಯಾಸದಲ್ಲಿ ಕಡ್ಡಿ ಎಂದೂ 0.160 ದಾಟಿದವಳಲ್ಲ. ಕೈ ತಾನಾಗಿ ಪೆಟ್ಟಿಗೆಯ ಹಿಂದೆ ಹೋಯಿತು. ಗುಂಡಿ ಮೇಲಿನ ಗುರುತಿನಲ್ಲೇ ಇತ್ತು.

ಈಗ ತಿರುಗಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಗಳು ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಆ ಕೂಟದ ದಿನಕ್ಕೆ ಕೆಂಪು ಸುತ್ತು ಹಾಕಿ ಆರು ತಿಂಗಳಾಗಿತ್ತು. ತಪ್ಪು ಮಾಡಿದ್ದು ಮಗಳಲ್ಲ, ತಾನು. ಹೇಳಿದರೆ ಶಿಕ್ಷೆ ಮಾತ್ರ ಅವಳಿಗೇ. ಇನ್ನೂ ಒಂದು ನಿಮಿಷ ಕೂತರೆ ಹೇಳಲು ಬಾಯಿ ಬರುವುದಿಲ್ಲ ಎನ್ನಿಸಿ ಅವಳು ಎದ್ದಳು.

"ಮೇಡಂ, ಗುಂಡಿ ಗಂಡಸರದ್ದರಲ್ಲೇ ಇತ್ತು. ನಾನು ತಿರುಗಿಸ್ಲಿಲ್ಲ."

ಮೇಡಂ ಅವಳನ್ನೂ ಮಗಳನ್ನೂ ಒಮ್ಮೆ ನೋಡಿದರು. "ಏನು ಹೇಳ್ತಿದೀಯ ಅಂತ ಗೊತ್ತಿದ್ಯೇನೇ?"

"ಗೊತ್ತಿದೆ ಮೇಡಂ."

"ಬರೆದು ಕೊಡ್ಬೇಕಾಗತ್ತೆ. ಮೇಲಿನವರು ಕೇಳ್ತಾರೆ."

"ಕೊಡ್ತೀನಿ."

ಗುಂಡಿ ಕೆಳಗಿಳಿಯಿತು. ಮತ್ತೆ ಮೂರು ಸಲ ಸದ್ದು. ಮಗಳದು 0.159. ಕಡ್ಡಿಯದು 0.151. ಈ ಸಲ ಯಾರೂ ಕುಣಿಯಲಿಲ್ಲ. ಪೆಟ್ಟಿಗೆ ಅಕ್ಕ ಎರಡೂ ಅಂಕಿಗಳನ್ನು ಬರೆದು, ಮೇಡಂ ಕೊಟ್ಟ ಹಾಳೆಯಲ್ಲಿ ತನ್ನ ತಪ್ಪನ್ನೂ ಬರೆದು ಸಹಿ ಹಾಕಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ಕೂತಳು. ಮೂರು ಸ್ಟಾಪು ಕಳೆದ ಮೇಲೆ, ತಿರುಗದೆಯೇ ಕೇಳಿದಳು.

"ನೀನು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?"

"ಇಲ್ಲ."

"ನಂಗೂ?"

"ನಿಂಗೂ ಇಲ್ಲ ಕಣೆ."

ಬಸ್ಸು ತಿರುವಿನಲ್ಲಿ ವಾಲಿತು. ಮಗಳು ಕಂಬಿ ಹಿಡಿದುಕೊಂಡಳು. ಅವಳ ಬೆನ್ನು ಅಲುಗಿದ್ದು ತಿರುವಿಗೋ ಅಳುವಿಗೋ ತಾಯಿಗೆ ತಿಳಿಯಲಿಲ್ಲ. ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು.

"ಮೊದಲ್ನೇ ಸಲ ಅಂಕಿ ಓದಿದಾಗ ಕಡ್ಡಿ ಅತ್ತಳಾ?"

"ಹ್ಞೂಂ. ಗೋಡೆ ಕಡೆ ತಿರುಗಿಕೊಂಡು."

"ನಾನು ನೋಡ್ಲೇ ಇಲ್ಲ," ಎಂದಳು ಮಗಳು.