ದಂಟಿನ ಪಾತಿಯಲ್ಲಿ ನನ್ನ ಕೈ

ನಮ್ಮೂರಿನ ಮಕ್ಕಳ ಬೇಸಾಯ ಸಂಘಕ್ಕೆ ನಾನು ಹಿರಿಯ ಸಲಹೆಗಾರ. ಈ ಪದವಿಗೆ ಸಂಬಳವಿಲ್ಲ, ಕುರ್ಚಿಯಿಲ್ಲ, ಸಭೆಯಲ್ಲಿ ಕೈ ಎತ್ತುವ ಹಕ್ಕೂ ಇಲ್ಲ. ಹಕ್ಕು ಇಲ್ಲವೆಂದು ನಿಯಮ ಬರೆದವನೂ ನಾನೇ. ಮೇಷ್ಟ್ರ ಕೆಲಸದಿಂದ ನಿವೃತ್ತನಾದವನಿಗೆ ತಿದ್ದಲು ಉತ್ತರ ಪತ್ರಿಕೆ ಸಿಗದಿದ್ದರೆ ನಿಯಮ ಬರೆಯುವ ಚಟ ಹತ್ತಿಕೊಳ್ಳುತ್ತದೆ.

ಊರು ಗಾವಡಗೆರೆ ಹೋಬಳಿಯಲ್ಲಿದೆ. ಹಾಲಿನ ಡೈರಿಯ ಹಿಂದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಇಪ್ಪತ್ತೆರಡು ಪಾತಿಗಳಿವೆ, ಒಂದೊಂದು ಮಗುವಿಗೆ ಒಂದೊಂದು. ಪಾತಿ ಎಂದರೆ ಒಂದು ಮಂಚದಷ್ಟು ನೆಲ. ಸುತ್ತ ಹಳೇ ಸೀರೆಗಳ ಬೇಲಿ. ಅದರಲ್ಲಿ ನನ್ನ ಹೆಂಡತಿಯ ಸೀರೆಗಳು ಮೂರು. ಮೂರರಲ್ಲಿ ಒಂದು ಇನ್ನೂ ಉಡುವ ಹಾಗಿತ್ತೆಂಬ ಪ್ರಕರಣ ನಮ್ಮ ಮನೆಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

ಪಾತಿಗಳಿಗೆ ಸಂಬಂಧಿಸಿದ ನಿಯಮಗಳು ಎರಡೇ. ಡೈರಿಯ ಗೋಡೆಯ ಮೇಲೆ ನನ್ನ ದುಂಡು ಅಕ್ಷರದಲ್ಲಿ ತೂಗುತ್ತಿವೆ. ಒಂದು: ದೊಡ್ಡವರು ಪಾತಿಯನ್ನು ನೋಡಬಹುದು, ಮುಟ್ಟುವಂತಿಲ್ಲ. ಮೊದಲ ವರ್ಷ ಅಪ್ಪಂದಿರು ಕತ್ತಲಲ್ಲಿ ಬಂದು ಯೂರಿಯಾ ಚೆಲ್ಲಿ, ಮಕ್ಕಳ ಟೊಮೆಟೊ ಸ್ಪರ್ಧೆ ಅಪ್ಪಂದಿರ ಜಿದ್ದಾಗಿ ಮುಗಿದದ್ದರಿಂದ ಈ ನಿಯಮ ಹುಟ್ಟಿತು. ಎರಡು: ಸಂಘದ ಬೀಜದ ಪೆಟ್ಟಿಗೆಯಿಂದ ಒಂದು ಚಮಚ ಬೀಜ ಪಡೆದವರು ಕಾರ್ತಿಕದ ಕುಟುಂಬದೂಟದ ದಿನ ಎರಡು ಚಮಚ ಹಿಂತಿರುಗಿಸಬೇಕು. ತಪ್ಪಿದರೆ ಪಾತಿಯು ಕಾಯುವವರ ಪಟ್ಟಿಯಲ್ಲಿ ಮೊದಲಿರುವ ಮಗುವಿಗೆ ಹೋಗುತ್ತದೆ. ಯಾವುದೇ ಕಾರಣಕ್ಕೂ ವಿನಾಯಿತಿ ಇಲ್ಲ. ಈ ಕೊನೆಯ ಮಾತಿನ ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದೆ. ಎಳೆಯುವಾಗ ತುಂಬ ಸುಖವಾಗಿತ್ತು.

ಕುಟುಂಬದೂಟ ನಮ್ಮ ಸಂಘದ ದೊಡ್ಡ ದಿನ. ಮಗು ಬೆಳೆದದ್ದನ್ನು ಆ ಮನೆಯವರು ಅಡುಗೆ ಮಾಡಿ ತರಬೇಕು. ದೊಡ್ಡವರು ನೆಲದ ಮೇಲೆ ಸಾಲಾಗಿ ಕೂರಬೇಕು, ಮಕ್ಕಳು ಬಡಿಸಬೇಕು. ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ. ಇದಕ್ಕೆ ನಿಯಮ ಬರೆದಿಲ್ಲ. ಒಮ್ಮೆ ಹಾಗಲಕಾಯಿ ಬೇಡವೆಂದ ಒಬ್ಬರ ಕಡೆ ಇಪ್ಪತ್ತೆರಡು ಮಕ್ಕಳೂ ತಿರುಗಿ ನೋಡಿದ ಮೇಲೆ ಬರೆಯುವ ಅಗತ್ಯ ಬೀಳಲಿಲ್ಲ.

ಕಳೆದ ಜೂನ್‌ನಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ತಾಯಿ ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ, ಮನೆಯಲ್ಲಿ ಅಜ್ಜಿ. ಸ್ವಂತ ಜಮೀನಿಲ್ಲ. ಪಾತಿ ಸಿಕ್ಕಿದ ದಿನ ಅಜ್ಜಿ ಡೈರಿ ಮುಂದೆ ನಿಂತು ಹಾಲು ಹಾಕಲು ಬಂದವರಿಗೆಲ್ಲ ಸಾರಿದ್ದರು: “ನಮ್ಮಟ್ಟೀಲಿ ಜಮೀನ್ದಾರ್ಳು ಅಂದ್ರೆ ಇವ್ಳೇ ಕಣ್ರಪ್ಪ. ಇನ್ಮೇಲೆ ಮರ್ವಾದೆ ಕೊಟ್ಟು ಮಾತಾಡ್ಸಿ.”

ಹುಡುಗಿ ಆರಿಸಿಕೊಂಡದ್ದು ಕೆಂಪು ದಂಟು. ಅದರ ಬೀಜ ನನ್ನ ಹೆಂಡತಿಯ ತವರಿನದು, ಸರಗೂರಿನ ಕಡೆಯದು. ಪೆಟ್ಟಿಗೆಯಲ್ಲಿ ಉಳಿದಿದ್ದು ಅದೇ ಕೊನೆಯ ಚಮಚ. ಹಿಂದಿನ ವರ್ಷ ಬಿತ್ತಿದ್ದವನ ಪಾತಿಗೆ ಕೋಳಿಗಳು ನುಗ್ಗಿ, ಅವನ ಪಾತಿಯೇ ಕೈತಪ್ಪಿತ್ತು. “ಜೋಪಾನ ಕಣವ್ವ, ಇದು ಹೋದ್ರೆ ಇಲ್ಲ,” ಎಂದು ನನ್ನ ಹೆಂಡತಿ ತಾನೇ ಚಮಚ ತುಂಬಿ ಕೊಟ್ಟಳು. ಹುಡುಗಿ ತಲೆಯಾಡಿಸಿದಳು. ಮಾತು ಕಡಿಮೆ. ನೀರು ಹಾಕಿದಳು, ಕಳೆ ಕಿತ್ತಳು, ಒತ್ತಾದ ಸಸಿ ತೆಗೆದಳು. ಆಗಸ್ಟಿಗೆ ದಂಟು ಅವಳ ಎದೆಯೆತ್ತರಕ್ಕೆ ಬಂದು, ಒಂದೊಂದು ಗಿಡದ ತಲೆಯ ಮೇಲೂ ಹೂವಿನ ಕುಡಿ ಎದ್ದಿತು.

ಇಲ್ಲಿ ನನ್ನ ಕೈಗಳ ಬಗ್ಗೆ ಹೇಳಬೇಕು. ನನಗೆ ಎರಡೆಕರೆ ಹೊಗೆಸೊಪ್ಪಿನ ಹೊಲವಿತ್ತು. ಹೊಗೆಸೊಪ್ಪಿನ ಗಿಡ ಹೂವಿಗೆಂದು ತಲೆ ಎತ್ತಿದ ಕೂಡಲೇ ನಾವು ಕುಡಿ ಮುರಿಯುತ್ತೇವೆ. ಹಾಗೆ ಮಾಡಿದರೆ ಬಲವೆಲ್ಲ ಎಲೆಗೆ ಇಳಿಯುತ್ತದೆ. ಮೂವತ್ತು ವರ್ಷ ನಾನು ಶಾಲೆಯ ಗಂಟೆಗೆ ಮುಂಚೆ ಸಾಲುಗಳ ನಡುವೆ ನಡೆದು ಎರಡೂ ಕೈಯಿಂದ ಕುಡಿ ಮುರಿದವನು. ಬೆರಳಿನ ಕಪ್ಪು ಅಂಟು ಹೋಗದೆ ಸೀಮೆಸುಣ್ಣವೂ ಕಪ್ಪಾಗುತ್ತಿತ್ತು. ಆ ಕೆಲಸಕ್ಕೆ ಕಣ್ಣು ಬೇಡ, ತಲೆಯಂತೂ ಬೇಡವೇ ಬೇಡ. ಕೆ.ಆರ್. ನಗರದ ಕಡೆಯ ಗದ್ದೆಯವರಿಗೆ ನಾನು ಮುಂದೆ ಹೇಳುವುದು ಅರ್ಥವಾಗುವುದು ಕಷ್ಟ. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದವರು ಮಾತ್ರ ಕ್ಷಮಿಸಿಯಾರು.

ಆ ಭಾನುವಾರ ಹೆತ್ತವರೆಲ್ಲ ಪಾತಿ ನೋಡಲು ಬಂದಿದ್ದರು. ಅವರನ್ನು ಕರೆದುಕೊಂಡು ನಡುವಿನ ಕಾಲುದಾರಿಯಲ್ಲಿ ನಿಧಾನವಾಗಿ ನಡೆಯುತ್ತ ನಾನು ಮೊದಲನೆಯ ನಿಯಮದ ಮೇಲೆ ಭಾಷಣ ಮಾಡಿದೆ. ಮಗುವಿನ ಶ್ರಮ ಮಗುವಿನದು, ಹಿರಿಯರು ಆಸೆಯನ್ನು ಹತೋಟಿಯಲ್ಲಿಡಬೇಕು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು ಉತ್ತಮ ಎಂದೆಲ್ಲ ಹೇಳಿದೆ. ಮಾತು ಚೆನ್ನಾಗಿಯೇ ಬರುತ್ತಿತ್ತು. ದಂಟಿನ ಪಾತಿಯ ಆಚೆ ಬದಿಯಲ್ಲಿ ಒಬ್ಬ ತಂದೆ ನನ್ನ ಸಮಕ್ಕೆ ನಡೆಯುತ್ತ ತಲೆದೂಗುತ್ತಿದ್ದ. ಪಿರಿಯಾಪಟ್ಟಣದ ಕಡೆಯಿಂದ ನಮ್ಮೂರಿಗೆ ಮನೆ ಅಳಿಯನಾಗಿ ಬಂದವನು.

ಪಾತಿಯ ಕೊನೆ ಮುಟ್ಟಿದಾಗ ಹಿಂದಿನಿಂದ ಹುಡುಗಿಯ ಅಜ್ಜಿಯ ದನಿ ಕೇಳಿತು. “ಮೇಷ್ಟ್ರೇ, ಬಾಯಿ ಒಂದ್ ಕಡೀಕೋಯ್ತಾದೆ, ಕೈ ಒಂದ್ ಕಡೀಕೋಯ್ತಾದಲ್ಲ.”

ಕೆಳಗೆ ನೋಡಿದೆ. ಪಾತಿಯುದ್ದಕ್ಕೂ ಕೆಂಪು ಕುಡಿಗಳು ಬಿದ್ದಿದ್ದವು. ಈ ಬದಿಯ ಗಿಡಗಳನ್ನು ನಾನು ಮುರಿದಿದ್ದೆ. ಆ ಬದಿಯವನ್ನು, ಹಿರಿಯರ ಜೊತೆ ಹೆಜ್ಜೆ ಹಾಕುವ ಮರ್ಯಾದೆಗೆಂಬಂತೆ, ಅಳಿಯ ಮುರಿದಿದ್ದ. ಒಂದೂ ಉಳಿದಿರಲಿಲ್ಲ. ಇದಕ್ಕಿಂತ ದೊಡ್ಡ ಸಂಗತಿಯೆಂದರೆ, ಹಿಂದೆ ಬರುತ್ತಿದ್ದ ಇಪ್ಪತ್ತು ಮೂವತ್ತು ಜನಕ್ಕೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಎಲ್ಲರೂ ಹೊಗೆಸೊಪ್ಪಿನವರೇ. ಪಾತಿ ಅವರ ಕಣ್ಣಿಗೆ ಚೊಕ್ಕಟವಾಗಿ ಕಂಡಿತ್ತು.

ಹುಡುಗಿ ಅಳಲಿಲ್ಲ. ಮುರಿದ ಒಂದು ಗಿಡದ ತುದಿಯನ್ನು ಮುಟ್ಟಿ ನೋಡಿ, “ಇದು ಒಗೆಸೊಪ್ಪಲ್ಲ ತಾತ,” ಎಂದಳು.

ಹೂವಿಲ್ಲದೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಕಾರ್ತಿಕಕ್ಕೆ ಅವಳ ಮಂಚದಷ್ಟು ಜಮೀನು ಇನ್ನೊಬ್ಬರ ಪಾಲು. ಅಜ್ಜಿ ಮಾತ್ರ ಬಗ್ಗಿ ಕುಡಿಗಳನ್ನೆಲ್ಲ ಮಡಿಲಿಗೆ ಆಯ್ದುಕೊಂಡರು. “ಮುರ್ದಿದ್ದಂತೂ ಮುರ್ದಾಯ್ತು. ಸಾರಿಗಾಯ್ತದೆ ಬುಡು.”

ಸಂಜೆ ಆ ಸಾರು ಒಂದು ಬಟ್ಟಲು ನಮ್ಮ ಮನೆಗೂ ಬಂತು. ಹೆಂಡತಿ ಅದನ್ನು ಮುದ್ದೆಯ ಪಕ್ಕ ಇಟ್ಟು ಎದುರಿಗೆ ಕೂತಳು. “ಮೂವತ್ತು ವರ್ಸ ಮಕ್ಳಿಗೆ ಅದ್ ಮುಟ್ಬ್ಯಾಡ ಇದ್ ಮುಟ್ಬ್ಯಾಡ ಅಂದ್ರಿ. ನಮ್ಮವ್ವನ ಮನೆ ಬೀಜವೇ ಬೇಕಾಗಿತ್ತಾ ನಿಮ್ಗೆ? ಉಣ್ಣಿ.” ಉಂಡೆ. ಸಾರು ಬಹಳ ರುಚಿಯಾಗಿತ್ತು. ಹಾಗೆಂದು ಹೇಳುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಡೈರಿಯ ಜಗುಲಿಯ ಮೇಲೆ ಸಂಘದ ತುರ್ತು ಸಭೆ ಸೇರಿತು. ಅಧ್ಯಕ್ಷೆ ಒಂಬತ್ತನೇ ತರಗತಿಯ ಹುಡುಗಿ, ದಯೆಗೆ ಹೆಸರಾದವಳಲ್ಲ. ಗೋಡೆಯಿಂದ ನಿಯಮಗಳ ಹಲಗೆ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು.

“ಇದು ನಿಮ್ಮ ಅಕ್ಸರ ಅಲ್ವಾ ತಾತ?”

“ನನ್ನದೇ ಕಣವ್ವ.”

“ಯಾವುದೇ ಕಾರಣಕ್ಕೂ ವಿನಾಯಿತಿ ಇಲ್ಲ. ಗೆರೆ ಬೇರೆ ಎಳ್ದಿದೀರಿ.”

“ಎಳೆದಿದ್ದೇನೆ. ತಪ್ಪು ನನ್ನದಾದ್ದರಿಂದ ಈ ಒಂದು ಸಲ ಆ ಮಾತನ್ನು ತಿದ್ದಬೇಕೆಂದು ಸೂಚಿಸುತ್ತೇನೆ.”

“ನೀವು ಸೂಚಿಸಂಗಿಲ್ಲ. ಅದೂ ನೀವೇ ಬರ್ದಿರದು.” ಅವಳು ಜಗುಲಿಯ ಕೆಳಗೆ ಕೂತಿದ್ದ, ಪಾತಿಗಾಗಿ ಕಾಯುತ್ತಿದ್ದ ಆರು ಮಕ್ಕಳನ್ನು ತೋರಿಸಿದಳು. “ಓದ್ ವರ್ಸ ಕೋಳಿ ತಿಂತು ಅಂದವ್ನು ಅಲ್ಲೇ ಕುಂತವ್ನೆ. ಅವ್ನಿಗೆ ಇಲ್ದಿದ್ದು ಇವ್ಳಿಗೆ ಎಂಗೆ ಕೊಡಾನ?”

ಕೋಳಿಯವನು ನ್ಯಾಯಕ್ಕಾಗಿ ಕತ್ತು ನೀಳ ಮಾಡಿ ಕೂತಿದ್ದ. ಆಗ ಹುಡುಗಿಯೇ ಎದ್ದು ನಿಂತಳು.

“ನಂಗೇನೂ ಬ್ಯಾಡ ಅಕ್ಕ. ಒಗೆಸೊಪ್ಪು ಕುಡಿ ಮುರುದ್ರೆ ಎಲೆ ಕಂಕುಳಲ್ಲಿ ಬ್ಯಾರೆ ಕುಡಿ ಬತ್ತವೆ. ಅವುನ್ನ ಮುರಿಯಕ್ಕೇ ನಮ್ಮವ್ವ ಕೂಲಿಗೋಗದು. ದಂಟಲ್ಲೂ ಬಂದಾವು. ಟೇಮ್ ಐತೆ. ಇವ್ರು ಒಳೀಕೆ ಬರ್ಬಾರ್ದು ಅಷ್ಟೇಯ.”

ಸರ್ವಾನುಮತದ ನಿರ್ಣಯವಾಯಿತು. ಹಿರಿಯ ಸಲಹೆಗಾರರು ಕುಟುಂಬದೂಟದವರೆಗೆ ಸೀರೆ ಬೇಲಿಯ ಒಳಗೆ ಕಾಲಿಡುವಂತಿಲ್ಲ. ಅಳಿಯನಿಗೂ ಇದೇ ಶಿಕ್ಷೆ.

ಹೀಗೆ ಗಡೀಪಾರಾದವರು ಇಬ್ಬರು, ಕೂರಲು ಡೈರಿ ಮುಂದಿನ ಒಂದೇ ಕಲ್ಲು. ಸಂಜೆ ಹಾಲು ಹಾಕಿ ಅಳಿಯ ಬರುತ್ತಿದ್ದ. ಮೊದಮೊದಲು ಅವನು ನನ್ನ ಮೇಲೆ ಮುನಿಸಿಕೊಂಡಿದ್ದ. “ನೀವು ಮುರೀತಿದ್ರಿ, ದೊಡ್ಡೋರು ಅಂತ ನಾನೂ ಮುರುದೆ. ನೀವು ಬಾವಿಗೆ ಬಿದ್ದಿದ್ರೆ ನಾನೂ ಬೀಳ್ತಿದ್ನೇನೋ.” ಅವನಿಗೆ ಸಮಾಧಾನ ಹೇಳುವುದೇ ಒಂದು ಕಾಲಕ್ಷೇಪವಾಯಿತು. ಒಳಗಿನ ಸುದ್ದಿ ನನ್ನ ಹೆಂಡತಿ ತರುತ್ತಿದ್ದಳು. ಅವಳಿಗೆ ಪ್ರವೇಶವಿತ್ತು, ಅದನ್ನು ಅವಳು ಚೆನ್ನಾಗಿ ಅನುಭವಿಸಿದಳು. ಬೇಲಿಯಲ್ಲಿದ್ದ ತನ್ನ ಸೀರೆಯನ್ನೇ ಸರಿಸಿ ಒಳಗೆ ಹೋಗಿ, ಅರ್ಧ ಗಂಟೆ ಬಿಟ್ಟು ಹೊರಬಂದು, ನಾವು ಕೇಳುವವರೆಗೂ ಸುಮ್ಮನಿರುತ್ತಿದ್ದಳು.

“ಬಂದ್ವಾ?”

“ಏನು?”

“ಕುಡಿ.”

“ಬಂದವೆ. ಒಂದೊಂದ್ ಗಿಡಕ್ಕೆ ಐದಾರು. ಸಣ್ಣವು.”

ಸಣ್ಣವು ಎಂಬ ಮಾತು ನನ್ನನ್ನು ಎರಡು ವಾರ ಕೊರೆಯಿತು. ಹೂವೇನೋ ಬಂತು, ಆದರೆ ತಡವಾಗಿ ಬಂತು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ತುಂಬಲು ತೆನೆ ಚೆನ್ನಾಗಿ ಬಲಿಯಬೇಕು. ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ಐದನೇ ದಿನ ಸ್ವಲ್ಪ ಹೊಳವಾದಾಗ ಹುಡುಗಿ, ಅವಳ ಅಜ್ಜಿ, ನನ್ನ ಹೆಂಡತಿ ಮೂವರೂ ಬೇಲಿಯ ಬಳಿ ನಿಂತು ಸಮಾಲೋಚನೆ ನಡೆಸಿದರು. ಗಿಡದಲ್ಲೇ ಬಿಟ್ಟರೆ ಕೊಳೆಯುತ್ತದೆ, ಕೊಯ್ದರೆ ಒಣಗಿಸಲು ಒತ್ತು ನೇಯ್ಗೆಯ ಬಟ್ಟೆ ಬೇಕು, ಗೋಣಿಚೀಲದಲ್ಲಿ ಬೀಜ ನಿಲ್ಲುವುದಿಲ್ಲ. ಸಲಹೆಗಾರನನ್ನು ಯಾರೂ ಏನೂ ಕೇಳಲಿಲ್ಲ. ಹೆಂಡತಿ ಮನೆಗೆ ಹೋಗಿ ನನ್ನ ಟ್ರಂಕಿನಿಂದ, ಮಗಳ ಮದುವೆಗೆ ಹುಣಸೂರಿನಲ್ಲಿ ಕೊಂಡು ಒಂದೇ ಸಲ ಉಟ್ಟಿದ್ದ ಪಂಚೆ ತಂದಳು.

“ಅದು ಒಳ್ಳೇದು ಕಣೇ,” ಎಂದೆ.

“ನನ್ ಸೀರೇನೂ ಒಳ್ಳೇದೇ ಆಗಿತ್ತು,” ಎಂದಳು.

ತೆನೆಗಳು ಪಂಚೆಯ ಮೇಲೆ ಡೈರಿಯ ಜಗುಲಿಯಲ್ಲಿ ಒಣಗಿದವು. ಜಗುಲಿ ಬೇಲಿಯ ಹೊರಗಿದ್ದುದರಿಂದ ನನಗೂ ಅಳಿಯನಿಗೂ ಕೋಳಿ ಓಡಿಸುವ ಕೆಲಸ ಸಿಕ್ಕಿತು. ಕೋಲಿನಿಂದ ಓಡಿಸಬೇಕು, ತೆನೆ ಮುಟ್ಟಬಾರದು. ಕೋಳಿ ತಿಂದು ಪಾತಿ ಕಳೆದುಕೊಂಡಿದ್ದವನು ಶಾಲೆ ಬಿಟ್ಟ ಮೇಲೆ ಬಂದು ನಮ್ಮಿಬ್ಬರ ಮೇಲ್ವಿಚಾರಣೆ ಮಾಡುತ್ತಿದ್ದ. ಕೋಳಿಯ ವಿಷಯದಲ್ಲಿ ಅವನಿಗೆ ಅನುಭವವಿತ್ತು.

ಕುಟುಂಬದೂಟದ ದಿನ ಊಟಕ್ಕೆ ಮುಂಚೆ ಬೀಜದ ಪೆಟ್ಟಿಗೆ ತೆರೆಯುವುದು ಪದ್ಧತಿ. ಬದನೆ, ಹೀರೆ, ಮೂಲಂಗಿ ಎಂದು ಒಬ್ಬೊಬ್ಬರೇ ಬಂದು ಎರಡೆರಡು ಚಮಚ ಅಳೆದು ಹೋದರು. ಹುಡುಗಿ ಕೊನೆಗೆ ಬಂದಳು. ಅಜ್ಜಿ ಮೊರದಲ್ಲಿ ತೂರಿ ಹಸನು ಮಾಡಿದ ಬೀಜ ಕಪ್ಪಗೆ ಹೊಳೆಯುತ್ತಿತ್ತು. ಅಧ್ಯಕ್ಷೆ ಮೊದಲ ಚಮಚ ತುಂಬಿ, ಬೆಂಕಿಕಡ್ಡಿಯಿಂದ ಮಟ್ಟ ಸವರಿ ಪೆಟ್ಟಿಗೆಗೆ ಹಾಕಿದಳು. ಎರಡನೆಯದು ತುಂಬುವಾಗ ಜಗುಲಿಯಲ್ಲಿದ್ದವರೆಲ್ಲ ಮುಂದಕ್ಕೆ ಬಗ್ಗಿದರು. ಮೊರ ಓರೆಯಾಯಿತು, ಬೀಜ ಜಾರಿ ಬಂತು, ಚಮಚ ತುಂಬಿ ಅಂಚಿನಾಚೆಗೂ ಚೆಲ್ಲಿತು. ಅಧ್ಯಕ್ಷೆ ಬೆಂಕಿಕಡ್ಡಿಯಿಂದ ಸವರಿ, “ಸರೀಗದೆ,” ಎಂದಳು. ಅವಳ ಬಾಯಲ್ಲಿ ಅಷ್ಟು ಬಂದದ್ದು ದೊಡ್ಡದು. ಮೊರದಲ್ಲಿ ಇನ್ನೂ ಒಂದು ಚಮಚದಷ್ಟು ಉಳಿದಿತ್ತು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಯಾರಾದರೂ ಆಕ್ಷೇಪಿಸುವರೇ ಎಂದು ಸುತ್ತ ನೋಡಿದರು. ನನ್ನ ಹೆಂಡತಿ ಆ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಟ್ಟಳು.

ಊಟಕ್ಕೆ ಕೂತಾಗ ಅಳಿಯನಿಗೆ ಧೈರ್ಯ ಬಂತು. “ಒಂದ್ ತೆನೆ ಇದ್ದಿದ್ರೆ ಇಷ್ಟು ಬತ್ತಿತ್ತಾ? ಮುರುದ್ರಿಂದಾನೇ ಆರಾರು ತೆನೆ ಆದ್ವು. ಮೇಷ್ಟ್ರು ಗೊತ್ತಿದ್ದೇ ಮುರುದ್ರು ಕಣ್ರಪ್ಪ.”

ಸಾಲಿನಲ್ಲಿ ಹಲವರು ತಲೆದೂಗಿದರು. ಒಪ್ಪಿಕೊಂಡುಬಿಡಲು ನನಗೂ ಕ್ಷಣ ಆಸೆಯಾಯಿತೆಂದು ಇಲ್ಲಿ ದಾಖಲಿಸುತ್ತೇನೆ. ಅಷ್ಟರಲ್ಲಿ ಮುದ್ದೆಯ ತಟ್ಟೆ ಹಿಡಿದು ಹುಡುಗಿ ನನ್ನ ಎಲೆಯ ಮುಂದೆ ಬಂದು ನಿಂತಿದ್ದಳು.

“ಗೊತ್ತಿದ್ದು ಮುರುದ್ರಾ ತಾತ?”

“ಇಲ್ಲ ಕಣವ್ವ. ಗೊತ್ತೇ ಆಗಲಿಲ್ಲ.”

“ಊಂ. ಗೊತ್ತಿದ್ದು ಮುರುದಿದ್ರೆ ನಿಮ್ಗೆ ಇಕ್ತಿರ್ನಿಲ್ಲ.” ಎರಡು ಮುದ್ದೆ ಇಟ್ಟಳು. ನನಗೆ ಒಂದೇ ಸಾಕಾಗುತ್ತದೆ. ಬೇಡ ಅನ್ನುವಂತಿರಲಿಲ್ಲ.

ಊಟವಾದ ಮೇಲೆ ಶಿಕ್ಷೆ ಮುಗಿಯಿತೆಂದು ಬೇಲಿಯ ಬಾಗಿಲಿಗೆ ಹೋದೆ. ಹುಡುಗಿ ಅಡ್ಡ ನಿಂತಳು. ಅವಳ ಪಾತಿ ಆಗಲೇ ಕೆದಕಿ ಹಸನಾಗಿತ್ತು, ಮೆಂತ್ಯ ಬಿತ್ತಿದ್ದಳಂತೆ. ನೀರಿನ ತೊಟ್ಟಿಯ ಪಕ್ಕ ಇದ್ದ ಎರಡು ಪ್ಲಾಸ್ಟಿಕ್ ಬಿಂದಿಗೆಗಳನ್ನು ತುಂಬಿ, ಒಂದನ್ನು ನನ್ನ ಬಲಗೈಗೆ, ಇನ್ನೊಂದನ್ನು ಎಡಗೈಗೆ ಕೊಟ್ಟಳು.

“ಈಗ ಬನ್ನಿ.”

ಅಂದಿನಿಂದ ನಾನು ಒಳಗೆ ಹೋಗುವುದು ಹೀಗೆಯೇ. ಇಪ್ಪತ್ತೆರಡು ಪಾತಿಗಳಿಗೆ ನನ್ನಿಂದ ಇಷ್ಟು ಸಲಹೆ ಹಿಂದೆಂದೂ ಸಿಕ್ಕಿರಲಿಲ್ಲ, ಇಷ್ಟು ನೀರಂತೂ ಸಿಕ್ಕಿರಲಿಲ್ಲ. ಒಂದು ಬಿಂದಿಗೆ ಖಾಲಿಯಾದರೆ ಯಾರಾದರೂ ಓಡಿ ಬಂದು ತುಂಬಿಸುತ್ತಾರೆ. ಇದನ್ನು ಯಾವ ಹಲಗೆಯಲ್ಲೂ ಬರೆದಿಲ್ಲ. ಬರೆಯೋಣವೇ ಎಂದು ಒಮ್ಮೆ ಕೇಳಿದೆ. ಬೇಡ ಎಂದಳು ಅಧ್ಯಕ್ಷೆ, ಬರೆಯಬೇಕಾದರೆ ನಾನು ಬಿಂದಿಗೆ ಕೆಳಗಿಡಬೇಕಾಗುತ್ತದಂತೆ.