ಮಳೆಗಾಲದಲ್ಲಿ ಅಡಗಿದ ಶಿಖರ

ನನ್ನ ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಅಫಜಲಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಜೇವರ್ಗಿಯ ರುಬೀನಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನ ಪುಟ್ಟ ದೂರದರ್ಶಕದಲ್ಲಿ ನಾವಿಬ್ಬರೂ ಧನು ರಾಶಿಯ ಒಂದು ಮುದಿ ನಕ್ಷತ್ರವನ್ನು ಗಮನಿಸಿ, ಅದರ ದೂರ ಅಳೆದಿದ್ದೆವು. ಆ ಕೆಲಸ ನೋಡಿಯೇ ಒಂದು ಸಂಶೋಧನಾ ಸಂಸ್ಥೆ ಅವಳನ್ನು ಪಿಎಚ್.ಡಿ. ಸಂದರ್ಶನಕ್ಕೆ ಕರೆದಿತ್ತು.

ಅದು ಮೀರಾ ಜಾತಿಯ ನಕ್ಷತ್ರ. ಆಯಸ್ಸು ಮುಗಿಯುತ್ತ ಬಂದಾಗ ಇಂಥವು ತಿಂಗಳುಗಟ್ಟಲೆ ಹಿಗ್ಗುತ್ತ ಕುಗ್ಗುತ್ತ ಇರುತ್ತವೆ, ಬೆಳಕೂ ಏರಿಳಿಯುತ್ತದೆ. ಬೆಳಕು ಅತಿ ಹೆಚ್ಚಾಗುವ ಒಂದು ಶಿಖರದಿಂದ ಮುಂದಿನ ಶಿಖರದವರೆಗಿನ ಅವಧಿ ಉದ್ದವಾದಷ್ಟೂ ನಕ್ಷತ್ರದ ನಿಜ ಪ್ರಕಾಶ ಹೆಚ್ಚು. ಅದನ್ನು ನಮಗೆ ಕಾಣುವ ಪ್ರಕಾಶದೊಂದಿಗೆ ಹೋಲಿಸಿದರೆ ದೂರ ಸಿಗುತ್ತದೆ. ನಮ್ಮ ಉತ್ತರ, ರೇಡಿಯೋ ದೂರದರ್ಶಕದವರು ಬೇರೆ ವಿಧಾನದಿಂದ ಪಡೆದ ಉತ್ತರಕ್ಕೆ ಸರಿಯಾಗಿ ಹೊಂದಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನನ್ನೂರು ಆಳಂದದಲ್ಲಿ ಊರವರು ನನಗೆ ಸನ್ಮಾನ ಇಟ್ಟುಕೊಂಡರು. ಭಾಷಣಕ್ಕೊಂದು ಚೆಂದದ ಗ್ರಾಫ್ ಇರಲೆಂದು ಅಂದು ಬೆಳಿಗ್ಗೆ ದಕ್ಷಿಣ ಗೋಳಾರ್ಧದ ವೀಕ್ಷಕರು ಅಂತರ್ಜಾಲದಲ್ಲಿ ಹಾಕಿದ್ದ ಅಂಕಿಗಳನ್ನು ತೆರೆದೆ. ನಮ್ಮ ಕಡೆ ಜೂನ್‌ನಲ್ಲಿ ಮೋಡ ಮುಚ್ಚಿದರೆ ಅಕ್ಟೋಬರಿಗೇ ಆಕಾಶ ತೆರೆಯುವುದು. ಮೋಡ ಬರುವ ಮುನ್ನ ಕಂಡ ಅತಿ ಹೆಚ್ಚಿನ ಬೆಳಕನ್ನೇ ನಾನು ಎರಡನೆಯ ಶಿಖರ ಎಂದು ಬಗೆದಿದ್ದೆ. ನಿಜವಾದ ಶಿಖರ ಬಂದದ್ದು ಆಗಸ್ಟ್‌ನಲ್ಲಿ! ಅವಧಿಯನ್ನು ಕಡಿಮೆ ಹಿಡಿದದ್ದರಿಂದ ದೂರವೂ ಕಡಿಮೆ ಬರಬೇಕಿತ್ತು. ಮತ್ತೆ ಹೊಂದಿದ್ದು ಹೇಗೆ? ನಕ್ಷತ್ರದ ಸುತ್ತಲಿನ ಧೂಳು ನುಂಗಿದ ಬೆಳಕನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ತಪ್ಪು ದೂರವನ್ನು ಅಷ್ಟೇ ಹಿಗ್ಗಿಸಿತ್ತು.

ಶಾಲು ಹೊದಿಸಿದ ಮೇಲೆ ಮೈಕಿನ ಮುಂದೆ ನಿಂತು ಇದನ್ನೆಲ್ಲ ಹೇಳಿದೆ. ಕಾರ್ಯಕ್ರಮ ನಡೆಸುತ್ತಿದ್ದವರು ನನ್ನನ್ನು ಪಾರು ಮಾಡಲು ಮೈಕು ತೆಗೆದುಕೊಂಡು, “ಇರ್ಲಿ ಬಿಡ್ರಿ ಸರ್, ಉತ್ತರ ಬರೋಬರಿ ಬಂದದಲ್ರಿ!” ಎಂದರು. ಜನ ಚಪ್ಪಾಳೆ ತಟ್ಟಿದರು. ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ರುಬೀನಾ ತಲೆ ಎತ್ತಲಿಲ್ಲ.

ಹೊರಗೆ ಬಂದಾಗ ಅವಳು ಬಾಗಿಲ ಬಳಿ ಕಾಯುತ್ತಿದ್ದಳು.

“ನಿನ್ನ ಇಂಟರ್‌ವ್ಯೂಕ್ಕ ಕಲ್ಲು ಹಾಕಿದೆ ನೋಡವ್ವ,” ಎಂದೆ.

“ಶಿಖರ ಮಳಿಗಾಲದಾಗ ಬಂದಿರಬೇಕು ಅಂತ ಅಕ್ಟೋಬರದಾಗ ಅದರ ಬೆಳಕು ನೋಡಿದಾಗೇ ನನಗ ಅನಿಸಿತ್ತರಿ ಸರ್.”

“ಮತ್ತ ಯಾಕ ಹೇಳಲಿಲ್ಲ?”

ಅವಳು ದುಪಟ್ಟಾದ ಅಂಚು ಹಿಡಿದುಕೊಂಡು ನಿಂತಳು. “ನಿಮ್ಮದು ತಪ್ಪದ ಅಂತ ನಾ ಹ್ಯಾಂಗ ಹೇಳ್ಲಿರಿ?”

ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ.

ಉತ್ತರ ಹೊಂದಿತೆಂದು ಲೆಕ್ಕ ಸರಿ ಎನ್ನಬಾರದು ಎಂಬುದನ್ನು ವೃತ್ತಿ ನನಗೆ ತಡವಾಗಿ ಕಲಿಸಿತು. ಅದನ್ನು ಹೇಗೋ ಒಪ್ಪಿಕೊಂಡೆ. ಆದರೆ ಅವಳ ಮಾತು ಇಂದಿಗೂ ನನ್ನನ್ನು ಕುಗ್ಗಿಸುತ್ತದೆ. “ಏನಾದರೂ ಸಂಶಯ ಇದ್ದರೆ ಕೇಳಿ” ಎಂದು ಪ್ರತಿ ತರಗತಿಯಲ್ಲೂ ತಪ್ಪದೆ ಹೇಳಿದವನು ನಾನು. ಹೇಳುತ್ತಿದ್ದದ್ದು ಮಾತ್ರ ಹಾಜರಿ ಪುಸ್ತಕ ಎತ್ತಿಕೊಂಡು, ಬಾಗಿಲ ಕಡೆ ನಡೆಯುತ್ತ.