ಹಳದಿ ಇದ್ದದ್ದು ಗೋಡೆಯಲ್ಲಿ

ಹರ್ಷಿತಾ, ನಿನಗೆ ಕಾಮಾಲೆ ಇರಲಿಲ್ಲ. ಹಳದಿ ಇದ್ದದ್ದು ಗೋಡೆಯಲ್ಲಿ. ಆ ಗೋಡೆಯ ಬಣ್ಣ ಆರಿಸಿದವಳು ನಾನು — ಬೇಕೆಂದೇ ಆರಿಸಿದ್ದು. ಆಮೇಲೆ ನಿನ್ನ ರೆಪ್ಪೆ ಎಳೆದು ನೋಡಿ, ಬೆಳ್ಳಗಿದ್ದ ಕಣ್ಣನ್ನು ಹಳದಿ ಎಂದವಳೂ ನಾನೇ.

ನಾನು ಮೂರನೇ ಕ್ಲಾಸು ದಾಟಿದವಳಲ್ಲ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ಸಿಟ್ಟು ಬಂದು ನಿನ್ನ ಅಜ್ಜಿಯ ವಿಷಯವೇ ಹೇಳಿ ಮುಗಿಸುತ್ತೇನೆ, ನಿನ್ನ ವಿಷಯ ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ.

ಆದರೂ ಮೊದಲು ಅವಳ ವಿಷಯ ಹೇಳಲೇಬೇಕು. ಬಾಲಕ್ಕ ನಿನಗೆ ಅಜ್ಜಿ, ನನಗೆ ಗಂಡನ ಅಣ್ಣನ ಹೆಂಡತಿ. ಗಂಡ ಹೋದ ಮೇಲೆ ನಾನು ಸುಳ್ಯ ಪೇಟೆಯಲ್ಲಿ ಸೀರೆ ಅಂಗಡಿಯ ಕೆಲಸಕ್ಕೆ ಹೋಗಿ ಮಗಳು ಜಲಜನನ್ನು ಸಾಕಿದೆ. ಜಲಜ ಕಪ್ಪು. ನನ್ನ ಹಾಗೆ. ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಕೆದಂಬಾಡಿಯಿಂದ ಅವಳನ್ನು ನೋಡಲು ಬಂದಿದ್ದರು. ಹುಡುಗನ ತಾಯಿ "ಲಕ್ಷಣ ಉಂಟು ಹುಡುಗಿ" ಎಂದು ಬಾಯಿ ಮುಚ್ಚಿರಲಿಲ್ಲ, ಕಾಫಿ ಹಿಡಿದು ಬಂದ ಬಾಲಕ್ಕ ಹೇಳಿದಳು —

"ಲೈಟು ಹಾಕಿದ್ದಕ್ಕೆ ಇಷ್ಟಾದ್ರೂ ಕಾಣುದು ಮಾರಾಯ್ರೆ. ಕರೆಂಟು ಹೋದ್ರೆ ನಾವೇ ಹುಡುಕ್ಬೇಕು ಇವಳನ್ನು!"

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಜಲಜನೂ ನಕ್ಕಳು — ಅದೇ ನನಗೆ ತಡೆಯಲಾಗದ್ದು. ಆ ಸಂಬಂಧ ಕೂಡಿಬರಲಿಲ್ಲ. ಕಡೆಗೆ ಮೊದಲೇ ಒಂದು ಮದುವೆಯಾಗಿದ್ದವನಿಗೆ ಎರಡನೇ ಸಂಬಂಧಕ್ಕೆ ಕೊಟ್ಟೆ. ಇವತ್ತಿಗೂ ಮದುವೆ ಮನೆಯಲ್ಲಿ ಫೋಟೋಕ್ಕೆ ಕರೆದರೆ ಅವಳು ಬಡಿಸುವ ನೆಪ ಹೇಳಿ ಒಳಗೆ ಹೋಗುತ್ತಾಳೆ. ಬಾಲಕ್ಕನಿಗೆ ಅಂದದ್ದು ಮರೆತೇ ಹೋಗಿದೆ. ನಾನು ಮರೆಯಲಿಲ್ಲ. ಮರೆಯಲು ನೋಡಲೂ ಇಲ್ಲ.

ಮರ್ಕಂಜದಲ್ಲಿ ನಿಮ್ಮ ಹೊಸ ಮನೆ ಎದ್ದಿತು. ಕಡಬದಿಂದ ನಿನ್ನನ್ನು ನೋಡಲು ಬರುವವರಿದ್ದರು, ಅವರು ಬರುವುದರೊಳಗೆ, ಬಂದವರನ್ನು ಕೂರಿಸುವ ಚಾವಡಿಗೆ ಬಣ್ಣ ಆಗಬೇಕಿತ್ತು. ಬಾಲಕ್ಕ ನನಗೆ ಹೇಳಿ ಕಳಿಸಿದಳು. ನಾನು ಬರುವಾಗ ಬಣ್ಣದ ಕಾರ್ಡಿನಲ್ಲಿ ಆರಿಸಿ ಆರಿಸಿ ಎರಡು ಹಳದಿ ಉಳಿದಿದ್ದವು.

"ಎರಡೂ ಒಂದೇ ಅಲ್ವಾ? ಇದಕ್ಕೆ ಎಂತ ಇಷ್ಟು ಚರ್ಚೆ?" ಎಂದಳು ಬಾಲಕ್ಕ.

"ಒಂದೇ ಅಲ್ಲ ಅಜ್ಜಿ. ಇದು ಕುಚ್ಚಲಕ್ಕಿ ಅನ್ನದ ಹಾಗೆ ಉಂಟು, ಅದು ಹಲಸಿನ ಸೊಳೆಯ ಹಾಗೆ. ನನಗೆ ಅನ್ನದ್ದು ಸಾಕು" ಎಂದೆ ನೀನು. ನಿನ್ನ ಬೆರಳು ಅದರ ಮೇಲೆಯೇ ಇತ್ತು.

"ನೀನು ಸುಮ್ನೆ ಕೂತ್ಕೊ. ಹೊನ್ನು ಹೇಳ್ಲಿ. ಎಷ್ಟು ಮದುವೆ ಹುಡುಗಿಯರಿಗೆ ಸೀರೆ ಹಿಡಿದವಳು ಅವಳು."

ನಿಜ. ಸೀರೆಯನ್ನು ಗಲ್ಲದ ಕೆಳಗೆ ಹಿಡಿದು ಕನ್ನಡಿ ತೋರಿಸುವುದೇ ನನ್ನ ಕೆಲಸವಾಗಿತ್ತು. ಒಂದೇ ಹಾಗೆ ಕಾಣುವ ಎರಡು ಬಣ್ಣದಲ್ಲಿ ಒಂದರೊಳಗೆ ಕೆಂಪಿನ ಹನಿ ಇರುತ್ತದೆ, ಇನ್ನೊಂದರೊಳಗೆ ಹಸಿರಿನದ್ದು. ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ, ಮುಖದ ಹತ್ತಿರ ತಂದರೆ ಗೊತ್ತಾಗುತ್ತದೆ. ನಾನು ತಮಾಷೆಗೆ ಎಂಬ ಹಾಗೆ ಎರಡನ್ನೂ ನಿನ್ನ ಕೆನ್ನೆಗೆ ಹಿಡಿದೆ. ನೀನು ನಕ್ಕೆ. ಅನ್ನದ ಬಣ್ಣಕ್ಕೆ ನಿನ್ನ ಮುಖ ಎಣ್ಣೆ ಹಚ್ಚಿ ಮಿಂದು ಬಂದವರ ಹಾಗಿತ್ತು. ಸೊಳೆಯ ಬಣ್ಣಕ್ಕೆ ಜ್ವರದಿಂದ ಎದ್ದವರ ಹಾಗೆ. ಬೆಳ್ಳಗಿನ ಹುಡುಗಿಯರಿಗೆ ಆ ಬಣ್ಣದ ಸೀರೆ ನಾವು ಬಿಡಿಸುತ್ತಲೇ ಇರಲಿಲ್ಲ.

"ಸೊಳೆಯದ್ದೇ ಇರ್ಲಿ. ಮನೆ ಬೆಳಕಾಗ್ತದೆ" ಎಂದೆ.

ನಿನ್ನ ಬೆಳ್ಳಗಿನ ಮೈಯನ್ನು ಊರಿಡೀ ಹೇಳಿಕೊಂಡು ತಿರುಗುವ ಬಾಲಕ್ಕನಿಗೆ, ಬಂದವರು ಒಂದು ಮಾತು ಅಂದು ಹೋಗಲಿ. ಅಷ್ಟೇ ಅಂದುಕೊಂಡದ್ದು — ಇಲ್ಲ, ಸುಳ್ಳು ಯಾಕೆ. ಎಷ್ಟಕ್ಕೆ ನಿಲ್ಲಬೇಕು ಎಂದು ನಾನು ಅಂದುಕೊಂಡೇ ಇರಲಿಲ್ಲ.

ಅವರು ಬಂದ ದಿನ ನಿನ್ನನ್ನು ಆ ಗೋಡೆಗೆ ತಾಗಿ ಕೂರಿಸಿದರು. ಪಡುವಣ ಕಿಟಕಿಯ ಬಿಸಿಲು ಗೋಡೆಗೆ ಬಿತ್ತು, ಗೋಡೆಯದ್ದು ನಿನ್ನ ಮೇಲೆ ಬಿತ್ತು. ಹುಡುಗ ಆಗಲೇ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡಿದವನು. ನೀವಿಬ್ಬರೂ ನೆಲ ನೋಡಿಕೊಂಡು ನಗುತ್ತಿದ್ದಿರಿ. ಹುಡುಗನ ಅತ್ತೆಯೊಬ್ಬಳು ಕುತ್ತಿಗೆ ಉದ್ದ ಮಾಡಿದಳು.

"ಹುಡುಗಿಗೆ ಹುಷಾರಿಲ್ವಾ? ಮುಖ ಎಲ್ಲ ಹಳದಿ ಹಳದಿ ಉಂಟಲ್ಲ. ಕಾಮಾಲೆಯಾ ಎಂತ?"

ಬಾಲಕ್ಕನ ಮುಖ ಇಳಿಯಿತು. ಅದನ್ನು ನೋಡಿ ನನಗೆ ಹೊಟ್ಟೆ ತಂಪಾಯಿತು. ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಬಾಲಕ್ಕ ನನ್ನ ಕಡೆ ತಿರುಗಿದಳು — "ಹೊನ್ನು, ನೋಡು ಮಾರಾಯ್ತಿ. ಇಲ್ಲ ಅಂತ ಹೇಳು ಇವರಿಗೆ."

ಊರಲ್ಲಿ ಕಾಮಾಲೆಗೆ ಮದ್ದು ಕೊಡುವವಳು ನಾನು. ನನ್ನ ಅಮ್ಮ ಕಲಿಸಿದ್ದು. ಮನೆಯೊಳಗೆ ಕಣ್ಣು ನೋಡಬಾರದು, ಅಂಗಳಕ್ಕೆ ಕರೆತಂದು ಆಕಾಶದ ಬೆಳಕಿನಲ್ಲಿ ನೋಡಬೇಕು ಎಂದಿದ್ದಳು. ಮಳೆ ಬರುತ್ತಿದ್ದರೂ ಕೊಡೆ ಹಿಡಿದು ಅಂಗಳದಲ್ಲೇ ನೋಡಿದವಳು ನಾನು. ಆ ದಿನ ಬಾಗಿಲು ಪಕ್ಕದಲ್ಲೇ ಇತ್ತು. ನಿನ್ನನ್ನು ಹೊರಗೆ ಕರೆಯಲಿಲ್ಲ. ಕೂತಲ್ಲೇ ನಿನ್ನ ರೆಪ್ಪೆ ಎಳೆದೆ. ಎಳನೀರಿನ ಗಂಜಿಯ ಹಾಗೆ ಬೆಳ್ಳಗೆ —

ಬಾಲಕ್ಕ ನನ್ನ ಬಾಯಿ ನೋಡುತ್ತಿದ್ದಳು. ಜನ್ಮದಲ್ಲಿ ಮೊದಲ ಸಲ ಅವಳ ಮರ್ಯಾದೆ ನನ್ನ ಬಾಯಲ್ಲಿತ್ತು.

"ಸ್ವಲ್ಪ ಉಂಟು" ಎಂದೆ.

ಕಡಬದವರು "ಗುಣ ಆಗ್ಲಿ, ಮತ್ತೆ ನೋಡುವ" ಎಂದು ಎದ್ದರು. ಮನೆಗೆ ಬಂದು ನಾನು ಎರಡು ಸೌಟು ಅನ್ನ ಹೆಚ್ಚು ಉಂಡೆ. ಇದನ್ನೂ ಬರೆಯಬೇಕು.

ನೀನು ರಕ್ತ ಪರೀಕ್ಷೆ ಮಾಡಿಸುತ್ತೇನೆ ಎಂದೆ. ಬಾಲಕ್ಕ ಬಿಡಲಿಲ್ಲ. "ಕಾಮಾಲೆಗೆ ಡಾಕ್ಟ್ರ ಹತ್ರ ಎಂತ ಮದ್ದುಂಟು? ಹೊನ್ನು ಇದ್ದಾಳಲ್ಲ." ನಾನು ಇದ್ದೆ. ನೆಲನೆಲ್ಲಿ ಕಿತ್ತು, ಅರೆದು, ಹಾಲಿನಲ್ಲಿ ಕದಡಿ ತಂದೆ. ಉಪ್ಪಿಲ್ಲ, ಎಣ್ಣೆ ಇಲ್ಲ, ಪಥ್ಯ ಹೇಳಿದೆ. ಏನೂ ಆಗದ ನೀನು ಬರೀ ಗಂಜಿ ಉಂಡು ನಿಜವಾಗಿಯೂ ಸೊರಗಿದೆ. ಒಂದು ಬೆಳಿಗ್ಗೆ ಮದ್ದಿನ ಲೋಟ ಕೈಯಲ್ಲಿ ಹಿಡಿದು ನೀನು ಕೇಳಿದೆ —

"ಸಣ್ಣಜ್ಜಿ, ಬೇಗ ಗುಣ ಆದ್ರೆ ಅವರು ಪುನಃ ಬರ್ತಾರಲ್ವಾ?"

ನನಗೆ ಜಲಜ ನಕ್ಕದ್ದು ಕಂಡಿತು. ಅದೇ ಮುಖ. ಆಗಲಾದರೂ —

"ಕುಡಿ" ಎಂದೆ.

ಅವರು ಬರಲಿಲ್ಲ. ಆ ಹುಡುಗನಿಗೆ ಬೇರೆ ಕಡೆ ಆಯಿತು. ಆಮೇಲೆ ಯಾರು ಕೇಳಿಕೊಂಡು ಬಂದರೂ ಮೊದಲು ಅದೇ ಪ್ರಶ್ನೆ, "ಕಾಮಾಲೆ ಆದ ಹುಡುಗಿ ಅಲ್ವಾ?" ನಾನು ಮದ್ದು ಕೊಡುವುದು ಬಿಟ್ಟೆ. ಕೇಳಿದವರಿಗೆ ಕಾಲುನೋವು ಎನ್ನುತ್ತೇನೆ. ಕಾಲಿಗೆ ಏನೂ ಆಗಿಲ್ಲ.

ನಿನ್ನ ಅಜ್ಜಿಗೆ ಆದ ಅವಮಾನಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಬೇಸರ ಬಂದಿದೆ ಎಂದು ಬರೆದರೆ ಈ ಕಾಗದವೂ ಸುಳ್ಳಾಗುತ್ತದೆ. ಆದರೆ ಅವಳಿಗೆ ಹೊಡೆಯಲು ನಾನು ಎತ್ತಿಕೊಂಡ ಕೋಲು ನೀನು. ಜಲಜನ ಮುಖಕ್ಕೆ ಬಾಲಕ್ಕ ಮಾಡಿದ್ದನ್ನೇ ನಾನು ನಿನ್ನ ಮುಖಕ್ಕೆ ಮಾಡಿದೆ. ಅವಳು ಒಂದು ಮಾತಲ್ಲಿ ಮುಗಿಸಿದಳು, ನಾನು ದಿನಾ ಅರೆದು ಕುಡಿಸಿದೆ. ಕ್ಷಮಿಸು ಎಂದು ಬರೆಯುವುದಿಲ್ಲ. ಅದು ನನಗೆ ಸಿಗಬೇಕಾದದ್ದಲ್ಲ.

ಈಗ ಮತ್ತೊಂದು ಕಡೆಯವರು ಬರುತ್ತಾರಂತೆ. ಚಾವಡಿಗೆ ಪುನಃ ಬಣ್ಣವಂತೆ. ಬಾಲಕ್ಕ ಕಾರ್ಡು ಕಳಿಸಿದ್ದಾಳೆ, ನಾನೇ ಆರಿಸಬೇಕಂತೆ. ಆದಿತ್ಯವಾರ ಬರುತ್ತೇನೆ. ಕಾರ್ಡು ನಿನ್ನ ಕೈಗೆ ಕೊಡುತ್ತೇನೆ. ನಿನ್ನ ಬೆರಳು ಮೊದಲು ಎಲ್ಲಿ ಹೋಗುತ್ತದೋ ಅದೇ ಬಣ್ಣ. ಆಮೇಲೆ, ಆ ಹಳದಿ ಅಳಿಸುವ ಮೊದಲು, ಬಾಲಕ್ಕನನ್ನು ಅದೇ ಗೋಡೆಗೆ ತಾಗಿ ಕೂರಿಸಿ, ಮನೆಯವರೆಲ್ಲರ ಎದುರು ಈ ಕಾಗದ ಓದುತ್ತೇನೆ. ಜಲಜನ ವಿಷಯದಿಂದ ಹಿಡಿದು ನಿನ್ನ ಲೋಟದವರೆಗೆ. ನಾನು ತಡವರಿಸಿ ಓದುವವಳು, ತುಂಬಾ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವಳು ಕೂತಿರಲಿ. ನಾನು ನಿಂತಿರುತ್ತೇನೆ.